ಅಂತರರಾಷ್ಟ್ರೀಯ ಕ್ರೀಡಾಕೂಟಗಳಲ್ಲಿ ಕೊರಿಯಾ: ಒಂದು ಹೆಸರಿನ ಇತಿಹಾಸ

ಕ್ರೀಡೆಯ ಇತಿಹಾಸವೆಂದರೆ ಗೆದ್ದವರ ಪಟ್ಟಿಯೆಂದು ಭಾವಿಸುವ ವಾಡಿಕೆಯುಂಟು. ಯಾವ ವರ್ಷ, ಯಾವ ನಗರ, ಯಾವ ಪಂದ್ಯ, ಗೆದ್ದವನ ಹೆಸರೇನು, ಅವನು ಯಾವ ದೇಶದವನು ಎಂಬ ಐದು ಅಂಕಣಗಳನ್ನು ತುಂಬಿದರೆ ಪಟ್ಟಿ ಪೂರ್ಣವಾಯಿತೆಂದು ತೃಪ್ತರಾಗುತ್ತೇವೆ. ಮೊದಲ ಮೂರು ಅಂಕಣಗಳಲ್ಲಿ ವಿವಾದಕ್ಕೆ ಎಡೆಯಿಲ್ಲ. ಕೊನೆಯ ಎರಡರಲ್ಲಿಯೂ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಕೊರಿಯಾದ ಕ್ರೀಡಾಪಟುಗಳ ವಿಷಯದಲ್ಲಿ ಈ ಕೊನೆಯ ಎರಡು ಅಂಕಣಗಳೇ ಇಪ್ಪತ್ತನೆಯ ಶತಮಾನದ ಬಹುಭಾಗ ಹೋರಾಟದ ಕಣವಾಗಿದ್ದುವು. ಓಡಿದವರು ಓಡಿದರು, ಎತ್ತಿದವರು ಭಾರವನ್ನೆತ್ತಿದರು. ಅದು ಯಾರ ಲೆಕ್ಕಕ್ಕೆ ಸೇರತಕ್ಕದ್ದು ಎಂಬುದನ್ನು ಮಾತ್ರ ಬೇರೆಯವರು ನಿರ್ಣಯಿಸಿದರು. ಪದಕಗಳ ಏರಿಳಿತವನ್ನು ವರ್ಣಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಆ ಎರಡು ಅಂಕಣಗಳು ಹೇಗೆ ತುಂಬಲ್ಪಟ್ಟುವು, ಹೇಗೆ ಅಳಿಸಲ್ಪಟ್ಟುವು, ಮತ್ತೆ ಹೇಗೆ ತುಂಬಲ್ಪಟ್ಟುವು ಎಂಬುದನ್ನು ಪರಿಶೀಲಿಸುವುದಷ್ಟೇ ಇಲ್ಲಿನ ಪ್ರಯತ್ನ.

ಜಪಾನು ಕೊರಿಯಾವನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡದ್ದು ೧೯೧೦ರ ಆಗಸ್ಟಿನಲ್ಲಿ. ಅಂದಿನಿಂದ ೧೯೪೫ರವರೆಗೆ ಕೊರಿಯಾ ಎಂಬ ಹೆಸರಿನಲ್ಲಿ ಯಾವನೂ ಜಾಗತಿಕ ಕ್ರೀಡಾಕೂಟವನ್ನು ಪ್ರವೇಶಿಸುವಂತಿರಲಿಲ್ಲ. ಆಡಬೇಕೆಂಬ ಬಯಕೆಯುಳ್ಳವನಿಗೆ ಇದ್ದ ದಾರಿ ಒಂದೇ: ಜಪಾನಿನ ತಂಡಕ್ಕೆ ಆಯ್ಕೆಯಾಗುವುದು. ೧೯೩೨ರ ಲಾಸ್ ಏಂಜಲೀಸ್ ಒಲಿಂಪಿಕ್ ಪಂದ್ಯಗಳಿಗೆ ಈ ದಾರಿಯಿಂದ ಹೋದ ಕೊರಿಯನ್ನರಲ್ಲಿ ಕಿಮ್ ಉನ್‌ಬೇ ಮ್ಯಾರಥಾನ್ ಓಟದಲ್ಲಿ ಆರನೆಯವನಾಗಿಯೂ ಕ್ವನ್ ತೇಹಾ ಒಂಬತ್ತನೆಯವನಾಗಿಯೂ ಗುರಿ ಮುಟ್ಟಿದರು. ದೂರದ ಓಟದಲ್ಲಿ ತಮ್ಮ ಜನ ಲೋಕದ ಯಾರಿಗೂ ಹಿಂದುಳಿಯಬೇಕಾಗಿಲ್ಲವೆಂಬ ನಂಬಿಕೆ ಕೊರಿಯಾದ ತರುಣರಲ್ಲಿ ಬೇರೂರಲು ಈ ಫಲಿತಾಂಶ ಸಾಕಾಯಿತು.

ಈ ನಂಬಿಕೆಯ ಫಲವನ್ನು ೧೯೩೬ರಲ್ಲಿ ಬರ್ಲಿನ್ ನಗರ ಕಂಡಿತು. ಸೋನ್ ಕೀಚಂಗನು ೧೯೧೨ರಲ್ಲಿ, ಕೊರಿಯಾದ ಉತ್ತರದ ಎಲ್ಲೆಯಾದ ಯಾಲು ನದಿಯ ದಡದ ಸಿನ್ಯೂಜು ಪ್ರಾಂತದಲ್ಲಿ ಜನಿಸಿದವನು. ಸೋಲ್ ನಗರದ ಯಾಂಗ್‌ಜಂಗ್ ಶಾಲೆಯ ವಿದ್ಯಾರ್ಥಿಯಾಗಿದ್ದ ಆತನು ೧೯೩೫ರ ನವೆಂಬರಿನಲ್ಲಿ ಟೋಕಿಯೋದಲ್ಲಿ ಮ್ಯಾರಥಾನನ್ನು ೨ ಗಂಟೆ ೨೬ ನಿಮಿಷ ೪೨ ಸೆಕೆಂಡುಗಳಲ್ಲಿ ಓಡಿ ಅದುವರೆಗಿನ ಎಲ್ಲರನ್ನೂ ಮೀರಿಸಿದ್ದನು. ಮರುವರ್ಷದ ಆಯ್ಕೆಯ ಓಟದಲ್ಲಿ ದಕ್ಷಿಣದ ಸುಂಚನ್ ಊರಿನ ನಾಮ್ ಸುಂಗ್‌ಯೊಂಗ್ ಮೊದಲನೆಯವನಾದರೆ ಸೋನ್ ಎರಡನೆಯವನಾದನು. ಮೊದಲ ಎರಡು ಸ್ಥಾನಗಳನ್ನೂ ಕೊರಿಯನ್ನರೇ ಗಳಿಸಿದ ಮೇಲೆ ಅವರನ್ನು ಕೈಬಿಡುವುದು ಆಯ್ಕೆಗಾರರಿಗೆ ಸುಲಭವಾಗಿರಲಿಲ್ಲ.

೧೯೩೬ರ ಆಗಸ್ಟ್ ೯ರಂದು ನಡೆದ ಓಟದಲ್ಲಿ, ಹಿಂದಿನ ಒಲಿಂಪಿಕ್ಕಿನ ವಿಜೇತನಾದ ಅರ್ಜೆಂಟೀನಾದ ಸಬಾಲಾ ಆರಂಭದಲ್ಲಿ ಬಹಳ ಮುಂದಿದ್ದು ಅನಂತರ ದಣಿದು ಹಿಂದೆ ಸರಿದನು. ಸೋನ್ ೨ ಗಂಟೆ ೨೯ ನಿಮಿಷ ೧೯.೨ ಸೆಕೆಂಡುಗಳಲ್ಲಿ ಮೊದಲಿಗನಾಗಿ ಕ್ರೀಡಾಂಗಣವನ್ನು ಹೊಕ್ಕನು. ಬ್ರಿಟನ್ನಿನ ಹಾರ್ಪರ್ ಎರಡನೆಯವನು, ನಾಮ್ ಮೂರನೆಯವನು. ಅಧಿಕೃತ ದಾಖಲೆಯಲ್ಲಿ ಮಾತ್ರ ಈ ಹೆಸರುಗಳನ್ನು ಹುಡುಕುವವನಿಗೆ ಅವು ದೊರೆಯುವುದಿಲ್ಲ. ಅಲ್ಲಿ ದೊರೆಯುವುದು 'ಕಿಟೇ ಸೋನ್, ಜಪಾನ್' ಮತ್ತು 'ಶೋರ್ಯು ನಾನ್, ಜಪಾನ್'. ಕೊರಿಯನ್ನರ ಹೆಸರುಗಳನ್ನು ಚೀಣೀ ಲಿಪಿಯಲ್ಲಿ ಬರೆಯುವುದು ಅಂದಿನ ರೂಢಿ. ಅದೇ ಅಕ್ಷರಗಳನ್ನು ಜಪಾನೀ ಉಚ್ಚಾರಣೆಯಲ್ಲಿ ಓದಿದರೆ ಕೀಚಂಗ್ ಎಂಬುದು ಕಿಟೇ ಆಗುತ್ತದೆ. ಕೊರಿಯನ್ನರು ತಮ್ಮ ಮನೆತನದ ಹೆಸರುಗಳನ್ನೇ ಬಿಟ್ಟು ಜಪಾನೀ ಹೆಸರುಗಳನ್ನು ಇಟ್ಟುಕೊಳ್ಳಬೇಕೆಂಬ ಒತ್ತಾಯ ಜಾರಿಗೆ ಬಂದದ್ದು ೧೯೪೦ರಲ್ಲಿ. ಬರ್ಲಿನ್ನಿನ ಹೆಸರುಗಳನ್ನು ಅದರ ಫಲವೆಂದು ಹೇಳುವುದು ಕಾಲಕ್ರಮಕ್ಕೆ ವಿರುದ್ಧವಾದ ಮಾತು. ಆದರೆ ಎರಡೂ ಒಂದೇ ಮನೋಧರ್ಮದಿಂದ ಹೊರಟುವೆಂಬುದರಲ್ಲಿ ಸಂಶಯವಿಲ್ಲ.

ವಿಜಯವೇದಿಕೆಯ ಮೇಲೆ ಸೋನ್ ತಲೆ ತಗ್ಗಿಸಿ ನಿಂತನು. ವಿಜೇತರಿಗೆ ಕೊಡುತ್ತಿದ್ದ ಓಕ್ ಮರದ ಎಳೆಯ ಸಸಿಯಿಂದ ಎದೆಯ ಮೇಲಿದ್ದ ಸೂರ್ಯಚಿಹ್ನೆಯನ್ನು ಮರೆಮಾಡಿಕೊಂಡನು. ಚಿನ್ನದ ಪದಕಕ್ಕಾಗಿ ತಾನು ಸೋನನನ್ನು ಕಂಡು ಅಸೂಯೆಪಡಲಿಲ್ಲ, ಎದೆಯನ್ನು ಮುಚ್ಚಿಕೊಳ್ಳಲು ಅವನ ಕೈಯಲ್ಲಿ ಒಂದು ಸಸಿಯಿತ್ತಲ್ಲಾ ಎಂಬುದಕ್ಕಾಗಿ ಅಸೂಯೆಪಟ್ಟೆ ಎಂದು ನಾಮ್ ಅನಂತರ ಹೇಳಿದುದುಂಟು. ಇತಿಹಾಸದ ವಿದ್ಯಾರ್ಥಿಯು ಇಲ್ಲಿ ತುಸು ಎಚ್ಚರ ವಹಿಸುವುದು ಒಳ್ಳೆಯದು. ಆ ಕ್ಷಣದ ಮನಸ್ಸನ್ನು ನಮಗೆ ತಿಳಿಸುವುದು ಬಹುಮಟ್ಟಿಗೆ ಅನಂತರದ ನೆನಪು. ನೆನಪು ಕಾಲಾನುಸಾರ ಬಣ್ಣ ಪಡೆಯುತ್ತದೆ. ಆದರೆ ಇಲ್ಲಿ ನೆನಪಿಗೆ ಸಮಕಾಲೀನ ಸಾಕ್ಷ್ಯದ ಬೆಂಬಲವೂ ಇದೆ. ಬರ್ಲಿನ್ನಿನಲ್ಲಿಯೇ ಹಸ್ತಾಕ್ಷರ ಬೇಡಿದವರಿಗೆ ಸೋನ್ ಕೊರಿಯಾದ ಲಿಪಿಯಲ್ಲಿ ತನ್ನ ಹೆಸರನ್ನು ಬರೆದು, ತಾನು ಕೊರಿಯನ್ ಎಂದು ರೋಮನ್ ಅಕ್ಷರಗಳಲ್ಲಿ ಸೇರಿಸಿದ ಕಾರ್ಡು ಉಳಿದು ಬಂದಿದೆ. ಅಧಿಕೃತ ಪಟ್ಟಿ ಒಂದು ಹೇಳುತ್ತಿದ್ದಾಗಲೇ ಪಟ್ಟಿಯಲ್ಲಿರುವವನ ಕೈಬರಹ ಇನ್ನೊಂದನ್ನು ಹೇಳುತ್ತಿದ್ದಿತು. ಎರಡರಲ್ಲಿ ಯಾವುದನ್ನು ಮೂಲ ಆಕರವೆಂದು ಕರೆಯೋಣ?

ತಾಯ್ನಾಡಿನಲ್ಲಿ ಈ ಪ್ರಶ್ನೆಗೆ ಪತ್ರಿಕೆಗಳು ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟುವು. ಸೋಲ್ ನಗರದ 'ದೋಂಗ್-ಆ ಇಲ್ಬೊ' ಪತ್ರಿಕೆ ಆಗಸ್ಟ್ ೨೫ರಂದು ವಿಜಯವೇದಿಕೆಯ ಚಿತ್ರವನ್ನು ಪ್ರಕಟಿಸಿತು. ಚಿತ್ರದಲ್ಲಿ ಸೋನನ ಎದೆಯ ಮೇಲಿನ ಸೂರ್ಯಚಿಹ್ನೆ ಇರಲಿಲ್ಲ. ಕ್ರೀಡಾವರದಿಗಾರ ಲೀ ಗಿಲ್‌ಯೊಂಗ್ ಮತ್ತು ಚಿತ್ರಕಾರ ಲೀ ಸಾಂಗ್‌ಬಮ್ ಮೊದಲಾದವರು ಸೇರಿ ಅದನ್ನು ಅಳಿಸಿದ್ದರು. 'ಚೋಸನ್ ಚುಂಗಾಂಗ್ ಇಲ್ಬೊ' ಎಂಬ ಇನ್ನೊಂದು ಪತ್ರಿಕೆ ಆಗಸ್ಟ್ ೧೩ರಂದೇ ಹೀಗೆ ಮಾಡಿದ್ದಿತು. ಪರಿಣಾಮ ಕಠಿಣವಾಯಿತು. 'ದೋಂಗ್-ಆ' ಪತ್ರಿಕೆಗೆ ಸಂಬಂಧಿಸಿದವರು ಸೆರೆಯಾದರು; ಪ್ರಸಿದ್ಧ ಕಥೆಗಾರನೂ ಆ ಪತ್ರಿಕೆಯ ಒಂದು ವಿಭಾಗದ ಮುಖ್ಯಸ್ಥನೂ ಆಗಿದ್ದ ಹ್ಯುನ್ ಜಿನ್‌ಗನ್ ಅವರಲ್ಲೊಬ್ಬನು. ಪತ್ರಿಕೆ ಸುಮಾರು ಒಂಬತ್ತು ತಿಂಗಳು ಮುಚ್ಚಲ್ಪಟ್ಟಿತು. ಎರಡನೆಯ ಪತ್ರಿಕೆಯಂತೂ ಮತ್ತೆ ತಲೆಯೆತ್ತಲಿಲ್ಲ. ಸೋನನ ಮೇಲೆ ಪೋಲೀಸರ ಕಣ್ಣು ಬಿದ್ದಿತು. ಆತನು ಮುಂದೆ ಟೋಕಿಯೋದ ಮೇಜಿ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದನಾದರೂ ಸ್ಪರ್ಧೆಯ ಓಟಕ್ಕೆ ಮರಳಲಿಲ್ಲ.

ಇದೇ ಬರ್ಲಿನ್ನಿನಲ್ಲಿ ನಮ್ಮ ದೇಶದವರೂ ಇದ್ದರೆಂಬುದನ್ನು ವಾಚಕರು ಇಲ್ಲಿ ಸ್ಮರಿಸಬಹುದು. ಆಗಸ್ಟ್ ೧೫ರ ಹಾಕಿ ಅಂತಿಮ ಪಂದ್ಯಕ್ಕೆ ಮುನ್ನ ಧ್ಯಾನ್ ಚಂದರ ತಂಡ ಉಡುಪಿನ ಕೊಠಡಿಯಲ್ಲಿ ಕಾಂಗ್ರೆಸ್ಸಿನ ತ್ರಿವರ್ಣಧ್ವಜಕ್ಕೆ ವಂದಿಸಿ ಕಣಕ್ಕಿಳಿಯಿತು. ಹೊರಗೆ ಹಾರುತ್ತಿದ್ದ ಧ್ವಜ ಬೇರೆಯದು. ಹೀಗೆ ಪರಾಧೀನತೆ ಇಬ್ಬರಿಗೂ ಸಮಾನವಾಗಿದ್ದರೂ ಒಂದು ಅಂತರವನ್ನು ಮರೆಯಲಾಗದು. ಭಾರತಕ್ಕೆ ಧ್ವಜವಿರಲಿಲ್ಲ, ಹೆಸರಿದ್ದಿತು. ೧೯೨೮ರಿಂದ ಗೆದ್ದ ಹಾಕಿ ಪದಕಗಳೆಲ್ಲ 'ಭಾರತ' ಎಂಬ ಅಂಕಣದಲ್ಲಿಯೇ ದಾಖಲಾದುವು. ಬ್ರಿಟಿಷರು ಭಾರತವನ್ನು ಆಳುತ್ತ ಅದನ್ನು ಭಾರತವೆಂದೇ ಕರೆದರು. ಜಪಾನೀಯರು ಕೊರಿಯಾವನ್ನು ಜಪಾನೆಂದು ಕರೆದರು. ಸಾಮ್ರಾಜ್ಯಶಾಹಿಯಲ್ಲಿಯೂ ಈ ಎರಡು ಬಗೆಗಳುಂಟೆಂಬುದು ಗಮನಾರ್ಹ. ಕ್ರೀಡೆಯ ದಾಖಲೆ ಈ ಭೇದವನ್ನು ರಾಜಕೀಯ ದಾಖಲೆಗಿಂತ ಸ್ಪಷ್ಟವಾಗಿ ತೋರಿಸುತ್ತದೆ.

೧೯೪೫ರ ಆಗಸ್ಟಿನಲ್ಲಿ ಜಪಾನು ಶರಣಾಗತವಾಯಿತು. ಕೊರಿಯಾದ ಉತ್ತರಾರ್ಧದಲ್ಲಿ ಸೋವಿಯೆತ್ ಸೇನೆಯೂ ದಕ್ಷಿಣಾರ್ಧದಲ್ಲಿ ಅಮೆರಿಕದ ಸೇನೆಯೂ ಬಂದು ನಿಂತುವು. ದೇಶಕ್ಕೆ ಬಿಡುಗಡೆಯಾಯಿತು, ಸರ್ಕಾರ ಮಾತ್ರ ಹುಟ್ಟಲಿಲ್ಲ. ಇಂಥ ಸ್ಥಿತಿಯಲ್ಲಿ ಒಲಿಂಪಿಕ್ ಸಮಿತಿಯೊಂದನ್ನು ಕಟ್ಟಿ ಅದಕ್ಕೆ ಮನ್ನಣೆ ದೊರಕಿಸುವ ಕಾರ್ಯ ಆರಂಭವಾಯಿತು. ಸಮಿತಿಯ ಮೊದಲ ಅಧ್ಯಕ್ಷ ಯೋ ಉನ್‌ಹ್ಯಂಗ್; ಹಿಂದೆ ಹೇಳಿದ 'ಚೋಸನ್ ಚುಂಗಾಂಗ್' ಪತ್ರಿಕೆಯ ಮುಖ್ಯಸ್ಥನಾಗಿದ್ದವನು ಆತನೇ. ೧೯೪೭ರ ಜೂನಿನಲ್ಲಿ ಸ್ಟಾಕ್‌ಹೋಮಿನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ಸೇರುವುದಿದ್ದಿತು. ಅಲ್ಲಿಗೆ ಹೊರಟ ಪ್ರತಿನಿಧಿ ಚನ್ ಕ್ಯಂಗ್‌ಮು ಮೇ ತಿಂಗಳ ಕೊನೆಯಲ್ಲಿ ಜಪಾನಿನಲ್ಲಿ ವಿಮಾನಾಪಘಾತಕ್ಕೆ ತುತ್ತಾದನು. ಅವನ ಬದಲಿಗೆ ಹೋಗಬೇಕೆಂದು ಅಮೆರಿಕದಲ್ಲಿ ನೆಲೆಸಿದ್ದ ಲೀ ವನ್‌ಸೂನ್ ಎಂಬವನಿಗೆ ತಿಳಿಸಲಾಯಿತು. ಲೀ ಅಮೆರಿಕದ ಪ್ರಜೆಯಾಗಿರಲಿಲ್ಲ. ಕೊರಿಯಾದ ಪ್ರಜೆಯೆನ್ನಲು ಕೊರಿಯಾ ರಾಜ್ಯವೇ ಇರಲಿಲ್ಲ. ಆತನು ತನ್ನ ಪ್ರಯಾಣಪತ್ರವನ್ನು ತಾನೇ ತಯಾರಿಸಿಕೊಂಡನು. ಅದರ ಮೇಲೆ ಪರದೇಶಗಳ ಪ್ರವೇಶದ ಮುದ್ರೆಗಳನ್ನೂ ಹಾಕಿಸಿಕೊಂಡು ಸ್ಟಾಕ್‌ಹೋಮಿಗೆ ಹೋದನು. ಕೊರಿಯಾದ ಸಮಿತಿಗೆ ಮನ್ನಣೆ ದೊರೆಯಿತು. ಆ ಪತ್ರ ಇಂದು ದಕ್ಷಿಣ ಕೊರಿಯಾದಲ್ಲಿ ಸಂರಕ್ಷಿತ ಸಾಂಸ್ಕೃತಿಕ ಆಸ್ತಿಗಳಲ್ಲೊಂದು. ಒಂದು ದೇಶದ ಹೆಸರು ಮೊದಲು ಕೈಬರಹದ ಕಾಗದದಲ್ಲಿ ಹುಟ್ಟಿ, ಆಮೇಲೆ ಕ್ರೀಡೆಯ ದಾಖಲೆಯಲ್ಲಿ ಸೇರಿ, ರಾಜ್ಯವಾಗಿ ಕೊನೆಯಲ್ಲಿ ರೂಪುಗೊಂಡ ಇಂಥ ಉದಾಹರಣೆ ಇತಿಹಾಸದಲ್ಲಿ ವಿರಳ.

ಕಾಲಾನುಕ್ರಮವನ್ನು ನೋಡಿದರೆ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. ೧೯೪೮ರ ಜನವರಿ-ಫೆಬ್ರವರಿಯಲ್ಲಿ ಸೇಂಟ್ ಮಾರಿಟ್ಸಿನ ಚಳಿಗಾಲದ ಪಂದ್ಯಗಳಲ್ಲಿ ಮೂವರು ಹಿಮಜಾರಾಟಗಾರರು ಕೊರಿಯಾದ ಹೆಸರಿನಲ್ಲಿ ಸ್ಪರ್ಧಿಸಿದರು. ಅದೇ ವರ್ಷ ಜುಲೈ ೨೯ರಿಂದ ಆಗಸ್ಟ್ ೧೪ರವರೆಗೆ ಲಂಡನ್ನಿನಲ್ಲಿ ಬೇಸಗೆಯ ಪಂದ್ಯಗಳು ಜರುಗಿದುವು. ದಕ್ಷಿಣದಲ್ಲಿ ಗಣರಾಜ್ಯ ಘೋಷಿತವಾದದ್ದು ಆಗಸ್ಟ್ ೧೫ರಂದು. ಪಂದ್ಯಗಳು ಮುಗಿದ ಮರುದಿನ. ಉತ್ತರದ ರಾಜ್ಯ ಹುಟ್ಟಿದ್ದು ಸೆಪ್ಟೆಂಬರ್ ೯ರಂದು. ತಂಡದ ಖರ್ಚಿಗೆ ಹಣ ಕೂಡಿಸಲು ಸಾರ್ವಜನಿಕರಿಗೆ ಲಾಟರಿ ಚೀಟಿಗಳನ್ನು ಮಾರಬೇಕಾಯಿತು. ಜೂನ್ ತಿಂಗಳಲ್ಲಿ ಸೋಲ್ ಬಿಟ್ಟ ತಂಡ ರೈಲು, ಹಡಗು, ವಿಮಾನಗಳನ್ನು ಬದಲಿಸುತ್ತ ವಾರಗಟ್ಟಲೆ ಪ್ರಯಾಣ ಮಾಡಿ ಲಂಡನ್ನನ್ನು ಸೇರಿತು. ಉದ್ಘಾಟನೆಯ ಮೆರವಣಿಗೆಯಲ್ಲಿ ಕೊರಿಯಾದ ಧ್ವಜವನ್ನು ಹಿಡಿದವನು ಸೋನ್ ಕೀಚಂಗ್. ಹನ್ನೆರಡು ವರ್ಷಗಳ ಹಿಂದೆ ಎದೆಯ ಮೇಲಿನ ಚಿಹ್ನೆಯನ್ನು ಮುಚ್ಚಿಕೊಂಡ ಕೈಗಳಲ್ಲಿ ಈಗ ತನ್ನದೇ ಚಿಹ್ನೆ. ಮಧ್ಯಮಭಾರದ ಎತ್ತುಗಾರ ಕಿಮ್ ಸಂಗ್‌ಜಿಪ್ ಕಂಚಿನ ಪದಕ ಪಡೆದನು. ಕೊರಿಯಾದ ಅಂಕಣದಲ್ಲಿ ದಾಖಲಾದ ಮೊತ್ತಮೊದಲ ಒಲಿಂಪಿಕ್ ಪದಕ ಅದು. ಮುಷ್ಟಿಯುದ್ಧದಲ್ಲಿ ಹಾನ್ ಸೂಆನನಿಗೂ ಕಂಚು ದೊರೆಯಿತು. ಮ್ಯಾರಥಾನಿನಲ್ಲಿ ಚೋಯ್ ಯೂನ್‌ಚಿಲ್ ಕೊನೆಯ ಹಂತದವರೆಗೆ ಎಲ್ಲರಿಗಿಂತ ಮುಂದಿದ್ದು ಕಾಲು ಸೋತು ಓಟವನ್ನು ಬಿಡಬೇಕಾಯಿತು.

ಯುದ್ಧದ ವರ್ಷಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೫೧ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಪಂದ್ಯಗಳು ನಡೆದಾಗ ಯುದ್ಧದಲ್ಲಿ ಮುಳುಗಿದ್ದ ಕೊರಿಯಾ ಬರಲಿಲ್ಲ. ೧೯೫೨ರ ಹೆಲ್ಸಿಂಕಿಗೆ ಮಾತ್ರ ತಂಡ ಹೋಯಿತು. ಕಿಮ್ ಸಂಗ್‌ಜಿಪ್ ಮತ್ತೆ ಕಂಚು ಗೆದ್ದನು, ಚೋಯ್ ಮ್ಯಾರಥಾನಿನಲ್ಲಿ ನಾಲ್ಕನೆಯವನಾದನು. ೧೯೫೪ರ ಮನಿಲಾ ಏಷ್ಯನ್ ಪಂದ್ಯಗಳಲ್ಲಿ ಇದೇ ಚೋಯ್ ೧೫೦೦ ಮೀಟರ್ ಓಟದಲ್ಲಿ ಚಿನ್ನ ಗೆದ್ದನು. ೧೯೫೮ರಲ್ಲಿ ಟೋಕಿಯೋ ನಗರದ ಏಷ್ಯನ್ ಪಂದ್ಯಗಳ ಮ್ಯಾರಥಾನನ್ನು ಗೆದ್ದ ಲೀ ಚಾಂಗ್‌ಹೂನ್ ಮುಂದೆ ಸೋನನ ಅಳಿಯನಾದನು.

ಅಲ್ಲಿಂದ ಮುಂದೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಮೊದಲು ಇದ್ದದ್ದು ಕೊರಿಯಾ ಎಂಬ ಹೆಸರು ಉಂಟೇ ಎಂಬ ಪ್ರಶ್ನೆ. ಈಗ ಹುಟ್ಟಿದ್ದು ಅದು ಯಾರದು ಎಂಬ ಪ್ರಶ್ನೆ. ಒಲಿಂಪಿಕ್ ಸಮಿತಿ ಉತ್ತರಕ್ಕೆ ೧೯೫೭ರಲ್ಲಿ ತಾತ್ಕಾಲಿಕ ಮನ್ನಣೆಯಿತ್ತು, ಜರ್ಮನರಂತೆ ಉಭಯರೂ ಒಂದೇ ತಂಡವಾಗಿ ಬರಬೇಕೆಂದು ಒತ್ತಾಯಿಸಿತು. ೧೯೬೩ರ ಜನವರಿಯಲ್ಲಿ ಲೊಸಾನಿನಲ್ಲಿ ಉಭಯ ಪಕ್ಷಗಳೂ ಸೇರಿದುವು. ರಾಷ್ಟ್ರಗೀತೆಯ ಸ್ಥಾನದಲ್ಲಿ 'ಆರಿರಾಂಗ್' ಎಂಬ ಜಾನಪದ ಹಾಡನ್ನು ಬಳಸಲು ಒಪ್ಪಿಗೆಯಾಯಿತು. ಧ್ವಜದ ವಿಷಯದಲ್ಲಿ ಆಗಲಿಲ್ಲ. ಹಾಂಗ್‌ಕಾಂಗಿನಲ್ಲಿ ಮುಂದುವರಿದ ಮಾತುಕತೆ ಮುರಿದುಬಿದ್ದಿತು. ಹಾಡು ಇಬ್ಬರಿಗೂ ಹಳೆಯದು, ಧ್ವಜಗಳು ಹೊಸವು. ಹಳೆಯದರಲ್ಲಿ ಸಾಧ್ಯವಾದ ಐಕ್ಯ ಹೊಸದರಲ್ಲಿ ಸಾಧ್ಯವಾಗದೆ ಹೋಯಿತೆಂದು ತೋರುತ್ತದೆ.

ಈ ಜಗಳದ ಬೆಲೆಯನ್ನು ತೆತ್ತವರಲ್ಲಿ ಉತ್ತರದ ಓಟಗಾರ್ತಿ ಶಿನ್ ಕುಮ್‌ದಾನಳ ಕಥೆ ವಿಶೇಷವಾಗಿ ಹೇಳತಕ್ಕದ್ದು. ೧೯೬೨ರ ಜಕಾರ್ತ ಏಷ್ಯನ್ ಪಂದ್ಯಗಳಿಗೆ ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಇಂಡೊನೇಷ್ಯ ಬರಗೊಡಲಿಲ್ಲ. ನಮ್ಮ ದೇಶದ ಗುರುದತ್ತ ಸೋಂಧಿಯವರು ಇದನ್ನು ಪ್ರತಿಭಟಿಸಿದರು. ಅದರ ಕೋಪವನ್ನು ಭಾರತದ ತಂಡವೂ ಉಣ್ಣಬೇಕಾಯಿತು. ದಕ್ಷಿಣ ಕೊರಿಯಾದೊಡನೆ ನಡೆದ ಫುಟ್ಬಾಲ್ ಅಂತಿಮ ಪಂದ್ಯವನ್ನು ಭಾರತ ೨-೧ರಿಂದ ಗೆದ್ದದ್ದು ಇಂಥ ಪ್ರತಿಕೂಲ ಜನಸ್ತೋಮದ ಎದುರಿನಲ್ಲಿ. ಒಲಿಂಪಿಕ್ ಸಮಿತಿ ಇಂಡೊನೇಷ್ಯವನ್ನು ಅಮಾನತಿನಲ್ಲಿಟ್ಟಿತು. ಆ ದೇಶ ೧೯೬೩ರ ನವೆಂಬರಿನಲ್ಲಿ 'ಗಾನೆಫೊ' ಎಂಬ ಪ್ರತಿಸ್ಪರ್ಧಿ ಕ್ರೀಡಾಕೂಟವನ್ನು ಏರ್ಪಡಿಸಿತು. ಅಲ್ಲಿ ಶಿನ್ ೮೦೦ ಮೀಟರನ್ನು ೧ ನಿಮಿಷ ೫೯.೧ ಸೆಕೆಂಡಿನಲ್ಲಿ ಓಡಿದಳು. ಎರಡು ನಿಮಿಷಗಳ ಎಲ್ಲೆಯನ್ನು ಯಾವ ಹೆಂಗಸೂ ಅಧಿಕೃತವಾಗಿ ದಾಟದಿದ್ದ ಕಾಲ ಅದು. ಅಮಾನ್ಯ ಕೂಟದ ಫಲಿತಾಂಶವೆಂದು ಈ ದಾಖಲೆಯನ್ನು ಅಂಗೀಕರಿಸಲಿಲ್ಲ. ಮರುವರ್ಷ ಟೋಕಿಯೋ ಒಲಿಂಪಿಕ್ಕಿನಲ್ಲಿ ಬ್ರಿಟನ್ನಿನ ಆನ್ ಪ್ಯಾಕರ್ ೨ ನಿಮಿಷ ೧.೧ ಸೆಕೆಂಡಿನಲ್ಲಿ ಗೆದ್ದು ಜಗದ್ದಾಖಲೆಯ ಒಡತಿಯಾದಳು.

ಆ ಓಟದಲ್ಲಿ ಶಿನ್ ಇರಲಿಲ್ಲ. ಗಾನೆಫೊದಲ್ಲಿ ಆಡಿದವರಿಗೆ ನಿಷೇಧ ವಿಧಿಸಿದ್ದರಿಂದ ಉತ್ತರ ಕೊರಿಯಾದ ತಂಡ ಟೋಕಿಯೋವರೆಗೆ ಬಂದು, ಆಡದೆ ಹಿಂದಿರುಗಿತು. ಯುದ್ಧದಲ್ಲಿ ದಕ್ಷಿಣಕ್ಕೆ ಹೋಗಿ ಅಲ್ಲಿಯೇ ಉಳಿದಿದ್ದ ಅವಳ ತಂದೆ ಮಗಳು ಬಂದಿರುವ ಸುದ್ದಿ ಕೇಳಿ ಟೋಕಿಯೋಗೆ ಧಾವಿಸಿದನು. ಅಕ್ಟೋಬರ್ ೯ರಂದು, ಹಿಂದಿರುಗುವ ಅವಸರದ ನಡುವೆ, ಇಬ್ಬರಿಗೂ ಕೆಲವೇ ನಿಮಿಷಗಳ ಭೇಟಿ ಲಭಿಸಿತು. ಮತ್ತೆ ಅವರು ಒಬ್ಬರನ್ನೊಬ್ಬರು ನೋಡಲಿಲ್ಲ. ೧೯೬೪ರ ಇನ್ಸ್‌ಬ್ರುಕ್ ಚಳಿಗಾಲದ ಪಂದ್ಯಗಳಲ್ಲಿ ೩೦೦೦ ಮೀಟರ್ ಹಿಮಜಾರಾಟದಲ್ಲಿ ಬೆಳ್ಳಿ ಗೆದ್ದ ಉತ್ತರದ ಹಾನ್ ಪಿಲ್‌ಹ್ವಾ ಈ ವಿಷಯದಲ್ಲಿ ಪುಣ್ಯವಂತೆ. ದಕ್ಷಿಣದಲ್ಲಿದ್ದ ಅಣ್ಣನನ್ನು ಆಕೆ ೧೯೯೦ರಲ್ಲಿ ಸಪ್ಪೊರೊ ನಗರದಲ್ಲಿ ಕಂಡಳು.

೧೯೬೮ರಲ್ಲಿ ಮೆಕ್ಸಿಕೋ ಪಂದ್ಯಗಳಿಂದ ಉತ್ತರ ಕೊರಿಯಾ ಹಿಂದೆ ಸರಿದದ್ದು ಕೇವಲ ಹೆಸರಿನ ಕಾರಣದಿಂದ. ತಮ್ಮನ್ನು 'ಉತ್ತರ ಕೊರಿಯಾ' ಎನ್ನಬಾರದು, ತಮ್ಮ ರಾಜ್ಯದ ಪೂರ್ಣ ಹೆಸರನ್ನೇ ಹೇಳಬೇಕೆಂಬುದು ಅವರ ಬೇಡಿಕೆ. ಸಮಿತಿ ಒಪ್ಪಿತು, ಆದರೆ ನವೆಂಬರ್ ೧ರಿಂದ, ಅಂದರೆ ಪಂದ್ಯಗಳು ಮುಗಿದ ಮೇಲೆ! ೧೯೭೨ರ ಮ್ಯೂನಿಕ್ಕಿಗೆ ಅವರು ಬಂದರು. ಲೀ ಹೋಜುನ್ ರೈಫಲ್ ಗುರಿಯಲ್ಲಿ ೬೦೦ಕ್ಕೆ ೫೯೯ ಅಂಕ ಪಡೆದು ಚಿನ್ನ ಗೆದ್ದನು. ದಕ್ಷಿಣದವರು ತಮ್ಮ ಮೊದಲ ಚಿನ್ನಕ್ಕೆ ೧೯೭೬ರ ಮಾಂಟ್ರಿಯಲ್‌ವರೆಗೆ, ಕುಸ್ತಿಪಟು ಯಾಂಗ್ ಜಂಗ್‌ಮೋನವರೆಗೆ, ಕಾಯಬೇಕಾಯಿತು.

ಮೊದಲ ಚಿನ್ನವೆಂದು ಹೇಳಿದೊಡನೆ ೧೯೩೬ರ ಚಿನ್ನ ಯಾರದು ಎಂಬ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ಬರ್ಲಿನ್ ಕ್ರೀಡಾಂಗಣದ ಮ್ಯಾರಥಾನ್ ದ್ವಾರದ ಕಲ್ಲಿನಲ್ಲಿ ವಿಜೇತರ ಹೆಸರುಗಳನ್ನು ಕೆತ್ತಲಾಗಿದೆ; ಸೋನನ ಹೆಸರಿನ ಮುಂದೆ 'ಜಪಾನ್' ಎಂದಿದೆ. ೧೯೭೦ರ ಆಗಸ್ಟಿನ ಒಂದು ರಾತ್ರಿ ದಕ್ಷಿಣ ಕೊರಿಯಾದ ಶಾಸನಸಭೆಯ ಸದಸ್ಯ ಪಾರ್ಕ್ ಯಂಗ್‌ರೋಕ್ ಅಲ್ಲಿಗೆ ನುಸುಳಿ, ಉಳಿ ಸುತ್ತಿಗೆಗಳಿಂದ ಆ ಪದವನ್ನು ಒಡೆದು 'ಕೊರಿಯಾ' ಎಂದು ಕೆತ್ತಿದನು. ಪೋಲೀಸರು ಅವನನ್ನು ಹಿಡಿಯಲು ಆಜ್ಞೆ ಹೊರಡಿಸುವಷ್ಟರಲ್ಲಿ ಆತನು ನಗರವನ್ನು ಬಿಟ್ಟಾಗಿತ್ತು. ಅಧಿಕಾರಿಗಳು ಹಳೆಯ ಪದವನ್ನು ಮತ್ತೆ ಕೆತ್ತಿಸಿದರು. ಶಾಸನಗಳನ್ನು ಓದುವ ನಮ್ಮಂಥವರಿಗೆ ಕಲ್ಲಿನ ಮೇಲಿನ ತಿದ್ದುಪಡಿ ಹೊಸದಲ್ಲ. ಪಾರ್ಕನ ಕೆಲಸವನ್ನು ಇತಿಹಾಸಕಾರನು ಒಪ್ಪಲಾರನು. ಕಲ್ಲು ಸುಳ್ಳು ಹೇಳುತ್ತಿದ್ದರೂ ಆ ಸುಳ್ಳೇ ೧೯೩೬ರ ಸಾಕ್ಷ್ಯ. ಆದರೆ ಆ ಕೆಲಸವನ್ನು ಹಾಸ್ಯದ ವಸ್ತುವೆಂದು ತಳ್ಳಿಹಾಕುವುದೂ ನ್ಯಾಯವಲ್ಲ.

ಇನ್ನೊಂದು ಬಾಕಿ ಹೆಚ್ಚು ಶಾಂತವಾದ ಮಾರ್ಗದಿಂದ ತೀರಿತು. ಮ್ಯಾರಥಾನ್ ವಿಜೇತನಿಗೆಂದು ಗ್ರೀಸಿನ ಪತ್ರಿಕೆಯೊಂದು ಕೊಟ್ಟಿದ್ದ, ಒಲಿಂಪಿಯಾದ ಅಗೆತದಲ್ಲಿ ದೊರೆತ ಪ್ರಾಚೀನ ಕಂಚಿನ ಶಿರಸ್ತ್ರಾಣ ೧೯೩೬ರಲ್ಲಿ ಸೋನನ ಕೈಸೇರದೆ ಬರ್ಲಿನ್ನಿನಲ್ಲಿಯೇ ಉಳಿದಿದ್ದಿತು. ಐವತ್ತು ವರ್ಷಗಳ ಅನಂತರ, ೧೯೮೬ರಲ್ಲಿ, ಅದನ್ನು ಅವನಿಗೆ ಒಪ್ಪಿಸಲಾಯಿತು. ಆತನು ಅದನ್ನು ೧೯೯೪ರಲ್ಲಿ ಕೊರಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ದಾನ ಮಾಡಿದನು. ೧೯೮೮ರ ಸೆಪ್ಟೆಂಬರ್ ೧೭ರಂದು ಸೋಲ್ ಒಲಿಂಪಿಕ್ಕಿನ ಜ್ಯೋತಿಯನ್ನು ಹಿಡಿದು ಕ್ರೀಡಾಂಗಣಕ್ಕೆ ಓಡಿಬಂದವನು ಎಪ್ಪತ್ತಾರರ ಸೋನ್. ಆ ಪಂದ್ಯಗಳಿಗೆ ಅವನ ಹುಟ್ಟೂರಿರುವ ಉತ್ತರ ಕೊರಿಯಾ ಬರಲಿಲ್ಲ. ೧೯೯೨ರ ಆಗಸ್ಟ್ ೯ರಂದು, ಬರ್ಲಿನ್ ಓಟದ ದಿನಾಂಕದಂದೇ, ಬಾರ್ಸಿಲೋನಾದಲ್ಲಿ ಹ್ವಾಂಗ್ ಯಂಗ್‌ಚೋ ಜಪಾನಿನ ಮೊರಿಶಿತನನ್ನು ಹಿಂದಿಕ್ಕಿ ಮ್ಯಾರಥಾನ್ ಗೆದ್ದುದನ್ನು ಸೋನ್ ಕುಳಿತು ನೋಡಿದನು. ಆತನು ೨೦೦೨ರ ನವೆಂಬರಿನಲ್ಲಿ ಮರಣಹೊಂದಿದನು. ಅಂತರರಾಷ್ಟ್ರೀಯ ಸಮಿತಿಯ ಪಟ್ಟಿಯಲ್ಲಿ ೧೯೩೬ರ ಪದಕ ಇಂದಿಗೂ ಜಪಾನಿನ ಲೆಕ್ಕದಲ್ಲಿದೆ. ೨೦೧೧ರಲ್ಲಿ ಸಮಿತಿ ಅವನ ಜೀವನವಿವರಣೆಯನ್ನು ತಿದ್ದಿ ಕೊರಿಯಾದ ಹಿನ್ನೆಲೆಯನ್ನು ಸೇರಿಸಿತು, ಅಂಕಣವನ್ನು ತಿದ್ದಲಿಲ್ಲ.

ಎರಡು ಕೊರಿಯಾಗಳು ಒಂದೇ ಹೆಸರಿನ ಕೆಳಗೆ ನಿಂತ ಸಂದರ್ಭಗಳೂ ಇಲ್ಲದಿಲ್ಲ. ೧೯೯೦ರ ಬೀಜಿಂಗ್ ಏಷ್ಯನ್ ಪಂದ್ಯಗಳಿಗಾಗಿ ನಡೆದ ಮಾತುಕತೆಯಲ್ಲಿ, ಬಿಳಿಯ ನೆಲದ ಮೇಲೆ ನೀಲಿಯ ಪರ್ಯಾಯದ್ವೀಪವುಳ್ಳ ಧ್ವಜವೊಂದು ರೂಪುಗೊಂಡಿತು. ೨೦೦೦ದ ಸಿಡ್ನಿಯಲ್ಲಿ ಆ ಧ್ವಜದ ಹಿಂದೆ ಉಭಯರೂ ಒಟ್ಟಾಗಿ ನಡೆದರು. ಮೆರವಣಿಗೆ ಮುಗಿದ ಮೇಲೆ ಬೇರೆ ಬೇರೆಯಾಗಿ ಆಡಿದರು. ೨೦೧೮ರ ಫೆಬ್ರವರಿಯಲ್ಲಿ ಪ್ಯೊಂಗ್‌ಚಾಂಗಿನಲ್ಲಿ ಮಹಿಳೆಯರ ಐಸ್ ಹಾಕಿ ತಂಡ ಒಂದಾಗಿ ಆಡಿ ಐದು ಪಂದ್ಯಗಳನ್ನೂ ಸೋತಿತು. ಅದೇ ವರ್ಷದ ಆಗಸ್ಟಿನಲ್ಲಿ ಜಕಾರ್ತ-ಪಾಲೆಂಬಾಂಗ್ ಏಷ್ಯನ್ ಪಂದ್ಯಗಳ ಡ್ರ್ಯಾಗನ್ ದೋಣಿಯ ೫೦೦ ಮೀಟರ್ ಸ್ಪರ್ಧೆಯಲ್ಲಿ ಸಂಯುಕ್ತ ಮಹಿಳಾ ತಂಡ ಚಿನ್ನ ಗೆದ್ದಿತು. ೧೯೬೩ರಲ್ಲಿ ಲೊಸಾನಿನಲ್ಲಿ ಒಪ್ಪಿದ್ದ 'ಆರಿರಾಂಗ್' ಅಲ್ಲಿ ರ‍ಾಷ್ಟ್ರಗೀತೆಯ ಸ್ಥಾನದಲ್ಲಿ ನುಡಿಯಿತು. ಪದಕವನ್ನು ದಕ್ಷಿಣದ ಅಂಕಣದಲ್ಲಿಯೂ ಬರೆಯಲಿಲ್ಲ, ಉತ್ತರದ ಅಂಕಣದಲ್ಲಿಯೂ ಬರೆಯಲಿಲ್ಲ. 'ಕೊರಿಯಾ' ಎಂಬ ಮೂರನೆಯ ಅಂಕಣವನ್ನು ತೆರೆಯಲಾಯಿತು. ಒಂದು ಚಿನ್ನ, ಒಂದು ಬೆಳ್ಳಿ, ಎರಡು ಕಂಚು, ಇಷ್ಟು ಅದರಲ್ಲಿ ಜಮೆಯಾದುವು.

೨೦೨೪ರ ಜುಲೈ ೨೬ರಂದು ಪ್ಯಾರಿಸ್ಸಿನ ಸೇನ್ ನದಿಯ ಮೇಲೆ ನಡೆದ ಉದ್ಘಾಟನೆಯಲ್ಲಿ ದಕ್ಷಿಣದ ತಂಡದ ದೋಣಿ ಮುಂದೆ ಬಂದಾಗ ಉದ್ಘೋಷಕರು ಫ್ರೆಂಚ್ ಮತ್ತು ಇಂಗ್ಲಿಷ್ ಎರಡು ಭಾಷೆಗಳಲ್ಲಿಯೂ ಉತ್ತರದ ರಾಜ್ಯದ ಹೆಸರನ್ನು ಕೂಗಿದರು. ಒಲಿಂಪಿಕ್ ಸಮಿತಿ ಕ್ಷಮೆ ಯಾಚಿಸಿತು. ಅದರ ಅಧ್ಯಕ್ಷನು ಸೋಲ್ ನಗರದ ರಾಷ್ಟ್ರಾಧ್ಯಕ್ಷನಿಗೆ ದೂರವಾಣಿಯಲ್ಲಿ ತಾನೇ ವಿಷಾದ ತಿಳಿಸಿದನು.